ಮೊದಲು ನೀರು, ಆಮೇಲೆ ಗಾಡಿ

ನಮ್ಮ ಕಲಬುರಗಿ ಕಡೆ ಏಪ್ರಿಲ್ ಬಂತೆಂದರೆ ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಬಾಗಿಲು ಹಾಕುತ್ತವೆ. ಫ್ಯಾನಿನ ಕೆಳಗೆ ಕೂತು ಕಡತ ನೋಡುವವರಿಗೂ ಈ ಬಿಸಿಲು ತಡೆಯಲಾಗದು ಎಂದು ಸರ್ಕಾರ ಒಪ್ಪಿಕೊಂಡು ಎಷ್ಟೋ ವರ್ಷವಾಯಿತು. ಅದೇ ಏಪ್ರಿಲ್, ಅದೇ ಮೇ ತಿಂಗಳಲ್ಲಿ ನಮ್ಮೂರಿನ ಹೈಸ್ಕೂಲ್ ಮೈದಾನದಲ್ಲಿ ಮೂವತ್ತು ನಲವತ್ತು ಹುಡುಗರು ಓಡುತ್ತಿರುತ್ತಾರೆ. ಪೊಲೀಸ್ ಕಾನ್‌ಸ್ಟೆಬಲ್ ಭರ್ತಿಗೆ ಗಂಡುಮಕ್ಕಳು 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಬೇಕು, ಹೆಣ್ಣುಮಕ್ಕಳು 400 ಮೀಟರನ್ನು ಎರಡು ನಿಮಿಷದೊಳಗೆ. ಸೈನ್ಯದ ಭರ್ತಿಗೂ 1.6 ಕಿಲೋಮೀಟರ್ ಓಟವಿದೆ. ಒಂದೆಕರೆ ಹೊಲವೂ ಇಲ್ಲದ ಮನೆಯ ಹುಡುಗನಿಗೆ ಆ ಆರೂವರೆ ನಿಮಿಷವೇ ಬದುಕಿನ ಬಾಗಿಲು. ಅದಕ್ಕಾಗಿ ಅವನು ಬಿಸಿಲು, ಬಾಯಾರಿಕೆ ಯಾವುದನ್ನೂ ಲೆಕ್ಕಿಸುವುದಿಲ್ಲ.

ಮೂವತ್ತೊಂದು ವರ್ಷ ನಾನು ಇದೇ ಮೈದಾನದಲ್ಲಿ ಪಿ.ಟಿ. ಮಾಸ್ತರ ಆಗಿದ್ದವನು. ನಿವೃತ್ತನಾದ ಮೇಲೂ ಬೆಳಗಿನ ಜಾವ ಸೀಟಿ ಹಿಡಿದು ಹೋಗುವುದನ್ನು ಬಿಟ್ಟಿಲ್ಲ. ಬಿಸಿಲಲ್ಲಿ ಓಡುವುದರ ಬಗ್ಗೆ ನಾನು ಇಂದು ಹೇಳುವುದರಲ್ಲಿ ಅರ್ಧವನ್ನು ಪುಸ್ತಕ ಓದಿ, ಡಾಕ್ಟರರನ್ನು ಕೇಳಿ ತಿಳಿದುಕೊಂಡೆ. ಇನ್ನರ್ಧವನ್ನು ಒಂದೇ ಬೆಳಿಗ್ಗೆ ಕಲಿತೆ.

ಅದು 2011ರ ಮೇ. ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕಿದ್ದ ಹುಡುಗನೊಬ್ಬ ಭರ್ತಿಯ ತಯಾರಿಗೆಂದು ಊರಿಗೆ ಬಂದಿದ್ದ. ಬಂದು ಮೂರು ದಿನವಾಗಿತ್ತು. ಹಿಂದಿನ ರಾತ್ರಿ ಸಂಬಂಧಿಕರ ಮದುವೆಯಲ್ಲಿ ನಿದ್ದೆಗೆಟ್ಟಿದ್ದ. ತೂಕ ಬೇಗ ಇಳಿಯಲಿ ಎಂದು ಅಂಗಿಯ ಮೇಲೆ ಪ್ಲಾಸ್ಟಿಕ್ಕಿನ ಮಳೆ ಜಾಕೀಟು ಹಾಕಿಕೊಂಡು ಓಡುತ್ತಿದ್ದ. ಹೊತ್ತು ಎಂಟೂವರೆ. ಆರನೇ ಸುತ್ತಿನಲ್ಲಿ ಅವನ ಕಾಲು ತೊಡರತೊಡಗಿತು. ನಿಲ್ಲು ಎಂದೆ. “ಏನೂ ಆಗಿಲ್ರಿ ಸರ, ಇನ್ನೊಂದು ಸುತ್ತು ಹೊಡೀತೀನ್ರಿ” ಎಂದ. ನಾನು ಅವನ ಹಟವನ್ನು ಮೆಚ್ಚಿದೆ. ಮುಂದಿನ ತಿರುವಿನಲ್ಲಿ ಅವನು ಗೆರೆ ಬಿಟ್ಟು ಅಡ್ಡಾದಿಡ್ಡಿ ಹೋದ, ಹಿಡಿಯಲು ಬಂದ ಗೆಳೆಯನನ್ನು ಬೈದು ನೂಕಿದ, ನಾಲ್ಕು ಹೆಜ್ಜೆಗೆ ಕುಸಿದ.

ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು. ನೆರಳಿಗೆ ಎತ್ತಿಕೊಂಡು ಹೋದೆವು. ಬಾಯಿಗೆ ನೀರು ಹಾಕಿದರೆ ಕಟವಾಯಿಂದ ಹೊರಗೆ ಹರಿಯಿತು. ಯಾರೋ ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದರು. ಮೈ ನಡುಗುತ್ತಿದೆ ಎಂದು ನಾನೇ ನನ್ನ ವಲ್ಲಿ ಹೊದಿಸಿದೆ. ಜೀಪು ಬರಲು ಇಪ್ಪತ್ತು ನಿಮಿಷ, ಆಸ್ಪತ್ರೆ ಮುಟ್ಟಲು ನಲವತ್ತು ನಿಮಿಷ. ಅಲ್ಲಿದ್ದ ಡಾಕ್ಟರು ಕೇಳಿದ ಮೊದಲ ಪ್ರಶ್ನೆ: “ನೀರು ಹಾಕಿದ್ರೇನು?”

“ಕುಡಿಸಿದ್ವಿರಿ.”

“ಕುಡಿಸೋದಲ್ಲ ಮಾಸ್ತರೇ, ಮೈಮ್ಯಾಲೆ ಸುರಿದ್ರೇನು?”

ನಮ್ಮ ಮೈದಾನದ ಗೋಡೆಯಾಚೆ, ಅವನು ಬಿದ್ದ ಜಾಗದಿಂದ ನೂರು ಹೆಜ್ಜೆ ದೂರದಲ್ಲಿ, ದನಗಳಿಗೆ ನೀರು ಕುಡಿಸುವ ಸಿಮೆಂಟಿನ ತೊಟ್ಟಿಯಿದೆ. ಆವತ್ತು ಅದು ತುಂಬಿತ್ತು.

ಹುಡುಗ ಬದುಕಿದ. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದ, ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿತ್ತು. ಆ ವರ್ಷದ ಭರ್ತಿಗೆ ಹೋಗಲಾಗಲಿಲ್ಲ, ಮುಂದೆ ವಯಸ್ಸಿನ ಮಿತಿ ದಾಟಿತು. ಈಗ ಮೊಬೈಲ್ ಅಂಗಡಿ ಇಟ್ಟುಕೊಂಡು ಚೆನ್ನಾಗಿದ್ದಾನೆ. ಆದರೆ ಆ ಒಂದು ತಾಸನ್ನು ನಾನು ಮರೆತಿಲ್ಲ.

ಗಡಿಗೆಯ ಪಾಠ

ನಮ್ಮವ್ವ ಪ್ರತಿ ಬೇಸಿಗೆಗೂ ಹೊಸ ಗಡಿಗೆ ತರುತ್ತಿದ್ದಳು. ಹಳೆಯದು ಒಡೆದಿರದಿದ್ದರೂ ತರುತ್ತಿದ್ದಳು. ಹಳೆಯ ಗಡಿಗೆಯ ಸಣ್ಣ ಸಣ್ಣ ತೂತುಗಳು ಉಪ್ಪು, ಪಾಚಿ ಕಟ್ಟಿ ಮುಚ್ಚಿಹೋಗಿರುತ್ತವೆ. ಅದು ಜಿನುಗುವುದಿಲ್ಲ, ಜಿನುಗದ ಗಡಿಗೆ ತಣ್ಣಗಾಗುವುದಿಲ್ಲ. ನೀರು ಹೊರಮೈಗೆ ಬಂದು ಆವಿಯಾಗಿ ಹೋಗುವಾಗ ಒಳಗಿನ ಬಿಸಿಯನ್ನು ತನ್ನೊಂದಿಗೆ ಒಯ್ಯುತ್ತದೆ. ನಮ್ಮ ಮೈಯೂ ಅಂಥದೇ ಗಡಿಗೆ.

ಓಡುವಾಗ ನಮ್ಮ ಸ್ನಾಯುಗಳು ಸುಡುವ ಶಕ್ತಿಯಲ್ಲಿ ಕಾಲುಭಾಗ ಮಾತ್ರ ಓಟಕ್ಕೆ ಒದಗುತ್ತದೆ, ಉಳಿದ ಮುಕ್ಕಾಲು ಭಾಗ ಬರೀ ಶಾಖ. 60 ಕಿಲೋ ತೂಕದ ಹುಡುಗ ತಾಸಿಗೆ 10 ಕಿಲೋಮೀಟರ್ ವೇಗದಲ್ಲಿ ಓಡಿದರೆ ತಾಸಿಗೆ ಸುಮಾರು 600 ಕ್ಯಾಲೊರಿ ಖರ್ಚಾಗುತ್ತದೆ, ಅದರಲ್ಲಿ ಸುಮಾರು 450 ಶಾಖವಾಗುತ್ತದೆ. ಆ ಶಾಖ ಹೊರಗೆ ಹೋಗಲು ದಾರಿಯೇ ಇಲ್ಲದಿದ್ದರೆ ಆರೇಳು ನಿಮಿಷಕ್ಕೆ ಒಂದು ಡಿಗ್ರಿಯಂತೆ ಮೈ ಕಾಯುತ್ತದೆ. 37ರಿಂದ 40 ಡಿಗ್ರಿಗೆ ಏರಲು ಇಪ್ಪತ್ತು ನಿಮಿಷ ಸಾಕು. ದಾರಿ ಯಾವುದೆಂದರೆ ಬೆವರು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕ್ಯಾಲೊರಿ ಶಾಖ ಹೊರಹೋಗುತ್ತದೆ.

ಇಲ್ಲಿ ಎಲ್ಲರೂ ತಪ್ಪು ತಿಳಿಯುವ ಮಾತೊಂದಿದೆ. ಬೆವರು ಸುರಿದರೆ ತಂಪಾಗುವುದಿಲ್ಲ, ಆರಿದರೆ ತಂಪಾಗುತ್ತದೆ. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ಮೈಯ ನೀರನ್ನು ಕಳೆಯಿತೇ ಹೊರತು ಬಿಸಿಯನ್ನು ಒಯ್ಯಲಿಲ್ಲ. ಮಂಗಳೂರು, ಕಾರವಾರದಲ್ಲಿ 33 ಡಿಗ್ರಿಗೇ ಓಟಗಾರ ಒದ್ದಾಡುವುದು ಇದಕ್ಕೇ. ಅಲ್ಲಿಯ ಗಾಳಿಯಲ್ಲಿ ತೇವ ಮೊದಲೇ ತುಂಬಿರುತ್ತದೆ, ಬೆವರಿಗೆ ಹೋಗಲು ಜಾಗವಿರುವುದಿಲ್ಲ. ನಮ್ಮಲ್ಲಿ ಗಾಳಿ ಒಣ, ಬೆವರು ಬಂದ ಕ್ಷಣವೇ ಆರುತ್ತದೆ. ಆದರೆ ನಮ್ಮದಕ್ಕೆ ಬೇರೆ ಅಪಾಯ. ಬೆವರೇ ಕಾಣದ್ದರಿಂದ ನೀರು ಎಷ್ಟು ಹೋಯಿತೆಂಬುದು ಹುಡುಗರಿಗೆ ಗೊತ್ತಾಗುವುದಿಲ್ಲ. ಓಟ ಮುಗಿದ ಮೇಲೆ ಬನಿಯನ್ನಿನ ಮೇಲೆ ಬಿಳಿ ಉಪ್ಪಿನ ಗೆರೆ ಮೂಡಿದಾಗಲೇ ಗೊತ್ತಾಗುವುದು. ಗಾಳಿ ಚರ್ಮಕ್ಕಿಂತ ಬಿಸಿಯಾದಾಗ, ಎಂದರೆ 35 ಡಿಗ್ರಿ ದಾಟಿದಾಗ, ಗಾಳಿಯೂ ನಮ್ಮನ್ನು ಕಾಯಿಸತೊಡಗುತ್ತದೆ. ಆಮೇಲೆ ಬೆವರೊಂದೇ ಗತಿ.

ಆ ಹುಡುಗನ ಪ್ಲಾಸ್ಟಿಕ್ ಜಾಕೀಟು ಏನು ಮಾಡಿತೆಂದು ಈಗ ಅರ್ಥವಾಗಬಹುದು. ಅದು ಗಡಿಗೆಗೆ ಎಣ್ಣೆಬಣ್ಣ ಬಳಿಯಿತು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನ ಮ್ಯಾರಥಾನ್ ಓಟದಲ್ಲಿ ಪೋರ್ಚುಗಲ್ಲಿನ ಬಡಗಿ ಫ್ರಾನ್ಸಿಸ್ಕೊ ಲಜಾರೊ ಸುಡುಬಿಸಿಲಿನಲ್ಲಿ ಕುಸಿದು ಬಿದ್ದು, ಮರುದಿನ ತೀರಿಕೊಂಡ. ಆಧುನಿಕ ಒಲಿಂಪಿಕ್ಸ್‌ನಲ್ಲಿ ಸ್ಪರ್ಧೆಗಿಳಿದು ಪ್ರಾಣ ಬಿಟ್ಟ ಮೊದಲಿಗ ಅವನು. ಬಿಸಿಲು ಚರ್ಮ ಸುಡದಿರಲೆಂದು ಮೈಗೆ ಮೇಣದಂಥ ಜಿಡ್ಡು ಬಳಿದುಕೊಂಡಿದ್ದ, ಅದು ಬೆವರಿನ ದಾರಿ ಕಟ್ಟಿತು ಎಂದು ಹೇಳುತ್ತಾರೆ. ನೂರು ವರ್ಷ ಕಳೆದರೂ ನಮ್ಮ ಹುಡುಗರು ಮೇಣದ ಬದಲು ಪ್ಲಾಸ್ಟಿಕ್ ತೊಡುತ್ತಿದ್ದಾರೆ. ಅದರಿಂದ ಇಳಿಯುವುದು ನೀರಿನ ತೂಕ, ಕೊಬ್ಬಲ್ಲ. ಒಂದು ತಂಬಿಗೆ ನೀರು ಕುಡಿದರೆ ಆ ತೂಕ ಮರಳಿ ಬರುತ್ತದೆ.

ಹದಿನಾಲ್ಕು ದಿನದ ಸಾಲ

ಬಿಸಿಲಿಗೆ ಮೈ ಒಗ್ಗುತ್ತದೆ, ಆದರೆ ಸಮಯ ಕೇಳುತ್ತದೆ. ದಿನಾ ಸ್ವಲ್ಪ ಸ್ವಲ್ಪ ಓಡಿದರೆ ಒಂದರಿಂದ ಎರಡು ವಾರದಲ್ಲಿ ರಕ್ತದಲ್ಲಿನ ನೀರಿನಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಹೆಚ್ಚು ಬರುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ. ಅದೇ ವೇಗಕ್ಕೆ ಎದೆಬಡಿತ ಮೊದಲಿಗಿಂತ ಕಡಿಮೆ ಇರುತ್ತದೆ. ಕೆಲವು ವಾರ ತಂಪು ಊರಿನಲ್ಲಿದ್ದರೆ ಈ ಗಳಿಕೆಯೆಲ್ಲ ಕರಗಿಹೋಗುತ್ತದೆ. ಆದ್ದರಿಂದ ಬೆಂಗಳೂರು, ಪುಣೆಯಿಂದ ಬಂದ ಹುಡುಗ ಹುಟ್ಟಿದ್ದು ಇಲ್ಲೇ ಆದರೂ ಬಿಸಿಲಿಗೆ ಹೊಸಬನೇ. ನನ್ನ ಮೈದಾನದಲ್ಲಿ ಹೊಸಬರಿಗೆ ಮೊದಲ ಎರಡು ದಿನ ಇಪ್ಪತ್ತು ನಿಮಿಷ ನಿಧಾನದ ಓಟ, ನಡುವೆ ನಡಿಗೆ. ಮೊದಲ ವಾರ ಗಡಿಯಾರ ಹಿಡಿಯುವುದೇ ಇಲ್ಲ. ಹದಿನಾಲ್ಕು ದಿನ ದಾಟಿದ ಮೇಲಷ್ಟೇ ಜೋರು ಸುತ್ತು.

ಹೊತ್ತು ಮುಖ್ಯ. ದಿನದಲ್ಲಿ ಅತಿ ತಂಪಿನ ವೇಳೆ ಸೂರ್ಯೋದಯಕ್ಕೆ ಸ್ವಲ್ಪ ಮೊದಲು. ನಾವು ಐದಕ್ಕೆ ಶುರು ಮಾಡಿ ಆರೂವರೆಗೆ ಮುಗಿಸುತ್ತೇವೆ. ಸಂಜೆ ಐದೂವರೆಗೆ ಬಿಸಿಲು ಇಳಿದಂತೆ ಕಂಡರೂ ಡಾಂಬರು ರಸ್ತೆ, ಶಹಾಬಾದ್ ಕಲ್ಲಿನ ಹಾಸು ಹಗಲೆಲ್ಲ ಕುಡಿದ ಬಿಸಿಯನ್ನು ಆಗ ಉಗುಳುತ್ತಿರುತ್ತವೆ. ಸಂಜೆ ಓಡಲೇಬೇಕಾದರೆ ಏಳರ ಮೇಲೆ, ಮಣ್ಣಿನ ನೆಲದ ಮೇಲೆ ಓಡಿ.

ದೊಡ್ಡ ಓಟಗಾರರೂ ಬಿಸಿಲಿಗೆ ತಲೆಬಾಗಿದ್ದಾರೆ. 2019ರ ದೋಹಾ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮಹಿಳೆಯರ ಮ್ಯಾರಥಾನನ್ನು ಮಧ್ಯರಾತ್ರಿ ಶುರು ಮಾಡಿದರು. ಆದರೂ ಸೆಕೆ ಎಷ್ಟಿತ್ತೆಂದರೆ ಹೊರಟ 68 ಮಂದಿಯಲ್ಲಿ 28 ಮಂದಿ ಓಟ ಮುಗಿಸಲಿಲ್ಲ. ಲೋಕದ ಅತ್ಯುತ್ತಮ ಓಟಗಾರ್ತಿಯರು ಅವರು. ಅವರು ನಡುವೆ ನಿಂತದ್ದು ಸೋಲಲ್ಲ, ಬುದ್ಧಿ. ಬಿಸಿಲಿನ ದಿನ ಗಡಿಯಾರದ ಮಾತು ಕೇಳಬೇಡಿ, ಉಸಿರಿನ ಮಾತು ಕೇಳಿ. ಪಕ್ಕದವನೊಡನೆ ಪೂರ್ತಿ ಒಂದು ವಾಕ್ಯ ಮಾತಾಡುತ್ತ ಓಡಲು ಆಗದಿದ್ದರೆ ವೇಗ ಹೆಚ್ಚಾಯಿತೆಂದೇ ಅರ್ಥ.

ಬಟ್ಟೆ ತೆಳುವಾಗಿ, ಸಡಿಲವಾಗಿ, ತಿಳಿಬಣ್ಣದ್ದಾಗಿರಲಿ. ಸುತ್ತು ಮುಗಿದಾಗಲೆಲ್ಲ ತಲೆ, ಕತ್ತು, ತೋಳಿಗೆ ನೀರು ಸುರಿದುಕೊಳ್ಳಿ. ನಮ್ಮಂಥ ಒಣಗಾಳಿಯ ಊರಿನಲ್ಲಿ ಆ ನೀರು ಆರುವಾಗ ಬೆವರು ಮಾಡುವ ಕೆಲಸವನ್ನೇ ಮಾಡುತ್ತದೆ, ಒಳಗಿನ ನೀರು ಉಳಿಯುತ್ತದೆ.

ಜ್ವರ, ಭೇದಿ ಇದ್ದರೆ, ಬಿಟ್ಟು ಎರಡು ದಿನವೂ ಆಗಿರದಿದ್ದರೆ, ಓಡಬೇಡಿ. ಜಾತ್ರೆ, ಮದುವೆಯಲ್ಲಿ ನಿದ್ದೆಗೆಟ್ಟ ಮರುದಿನ ಬೇಡ. ಹಿಂದಿನ ರಾತ್ರಿ ಕುಡಿದಿದ್ದರೆ ಬೇಡವೇ ಬೇಡ. ಬಿ.ಪಿ. ಮಾತ್ರೆ, ನೆಗಡಿ ಅಲರ್ಜಿಯ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರರನ್ನು ಕೇಳಿಯೇ ಬೇಸಿಗೆಯ ಓಟಕ್ಕಿಳಿಯಬೇಕು. ಅಂಥ ಕೆಲವು ಮಾತ್ರೆಗಳು ಮೈಯ ನೀರನ್ನೋ ಬೆವರನ್ನೋ ಕಡಿಮೆ ಮಾಡುತ್ತವೆ.

ನೀರಿನ ಲೆಕ್ಕ

ನಮ್ಮದು ತೊಗರಿಯ ನಾಡು. ಅಡತಿ ಅಂಗಡಿಯ ಕಾಟಾ ನಮ್ಮ ಮೈದಾನಕ್ಕೆ ಹತ್ತಿರದಲ್ಲೇ ಇದೆ. ವಾರಕ್ಕೊಮ್ಮೆ ಹುಡುಗರನ್ನು ಓಟಕ್ಕೆ ಮೊದಲೂ ಆಮೇಲೂ ಅದರ ಮೇಲೆ ನಿಲ್ಲಿಸುತ್ತೇನೆ. ಒಂದು ಕಿಲೋ ಇಳಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಹೋಗಿದೆ. 60 ಕಿಲೋ ಇದ್ದವನು 1.2 ಕಿಲೋಗಿಂತ ಹೆಚ್ಚು, ಎಂದರೆ ನೂರಕ್ಕೆ ಎರಡರಷ್ಟಕ್ಕಿಂತ ಹೆಚ್ಚು, ಕಳೆದುಕೊಂಡರೆ ಓಟವೂ ಕೆಡುತ್ತದೆ, ಮೈಯೂ ಬೇಗ ಕಾಯುತ್ತದೆ. ತಕ್ಕಡಿ ಇಲ್ಲದವರು ಮೂತ್ರದ ಬಣ್ಣ ನೋಡಿಕೊಳ್ಳಿ. ತಿಳಿಹಳದಿ ಇದ್ದರೆ ಸರಿ, ಕಡುಹಳದಿ ಇದ್ದರೆ ನೀರು ಕಡಿಮೆಯಾಗಿದೆ. ಚಹಾದ ಬಣ್ಣ ಬಂದರೆ ತಡಮಾಡದೆ ಡಾಕ್ಟರರ ಹತ್ತಿರ ಹೋಗಬೇಕು. ಸ್ನಾಯು ಕರಗಿ ಮೂತ್ರಪಿಂಡಕ್ಕೆ ಪೆಟ್ಟಾದರೂ ಆ ಬಣ್ಣ ಬರುತ್ತದೆ.

ಹಾಗೆಂದು ಹೊಟ್ಟೆ ಬಿರಿಯುವಷ್ಟು ನೀರು ಕುಡಿಯುವುದೂ ಅಪಾಯ. ರಕ್ತದಲ್ಲಿನ ಸೋಡಿಯಂ ತೆಳ್ಳಗಾಗಿ ತಲೆ ತಿರುಗಿ, ವಾಂತಿಯಾಗಿ, ಪ್ರಾಣಕ್ಕೂ ಬರಬಹುದು. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ ಓಟ ಮುಗಿಸಿದವರ ರಕ್ತ ಪರೀಕ್ಷಿಸಿದಾಗ ನೂರರಲ್ಲಿ 13 ಮಂದಿಯಲ್ಲಿ ಸೋಡಿಯಂ ಕಡಿಮೆಯಿತ್ತು. ಅವರಲ್ಲಿ ಹೆಚ್ಚಿನವರು ಓಡುತ್ತ ಓಡುತ್ತ ಮಿತಿಮೀರಿ ಕುಡಿದವರು. ಬಾಯಾರಿದಾಗ ಕುಡಿಯಿರಿ, ಓಟ ಮುಗಿದಾಗ ಓಟಕ್ಕೆ ಮೊದಲಿದ್ದ ತೂಕಕ್ಕಿಂತ ಹೆಚ್ಚಾಗಿರಬಾರದು. ಇದಿಷ್ಟೇ ಸೂತ್ರ.

ದುಬಾರಿ ಬಾಟಲಿಯ ಪಾನೀಯಕ್ಕೆ ಹಣ ಕೊಡಬೇಕಿಲ್ಲ. ಉಪ್ಪು ಹಾಕಿದ ಮಜ್ಜಿಗೆ, ಜೋಳದ ಅಂಬಲಿ, ಲಿಂಬೆಹಣ್ಣಿನ ಪಾನಕ ನಮ್ಮ ಮನೆಗಳಲ್ಲೇ ಇವೆ. ತೀರ ಬಳಲಿದ್ದರೆ ಔಷಧಿ ಅಂಗಡಿಯ ಓ.ಆರ್.ಎಸ್. ಪುಡಿ ತನ್ನಿ. ಅದು ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಅಳತೆ ತಪ್ಪಬಾರದು.

ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು ಹೇಳಲೇಬೇಕು. ಓಡಲು ಬರುವ ಹುಡುಗಿಯರು ಬೆಳಿಗ್ಗೆ ಎದ್ದ ಮೇಲೆ ಒಂದು ಹನಿ ನೀರೂ ಕುಡಿಯದೆ ಬರುತ್ತಿದ್ದರು. ಬಾಯಾರಿಕೆ ಇಲ್ಲವೇನೋ ಎಂದುಕೊಂಡಿದ್ದೆ. ಒಬ್ಬಳು ನನ್ನ ಹೆಂಡತಿಗೆ ನಿಜ ಹೇಳಿದಳು: “ಮೈದಾನದಾಗ ಪಾಯಖಾನೆ ಇಲ್ರಿ ಅಕ್ಕಾರ, ನೀರ ಕುಡದ್ರ ಎಲ್ಲಿ ಹೋಗೂದ್ರಿ?” ಶಾಲೆಯ ಶೌಚಾಲಯದ ಬೀಗದ ಕೈ ಅಂದಿನಿಂದ ಬೆಳಿಗ್ಗೆ ಐದಕ್ಕೇ ನಮ್ಮ ಹತ್ತಿರ ಇರುತ್ತದೆ. ಶೌಚಾಲಯವಿಲ್ಲದ ಮೈದಾನದಲ್ಲಿ ಹೆಣ್ಣುಮಕ್ಕಳಿಗೆ ನೀರು ಕುಡಿಯಿರಿ ಎಂದು ಉಪದೇಶ ಮಾಡುವುದರಲ್ಲಿ ಅರ್ಥವಿಲ್ಲ.

ಬಿದ್ದಾಗ

ಬಿಸಿಲಿನ ಪೆಟ್ಟಿನಲ್ಲಿ ಎರಡು ಬಗೆ. ಒಂದು ಬರೀ ಬಳಲಿಕೆ. ತಲೆ ಸುತ್ತುತ್ತದೆ, ವಾಕರಿಕೆ ಬರುತ್ತದೆ, ಕಾಲು ಸೋಲುತ್ತದೆ, ಆದರೆ ಬುದ್ಧಿ ಸ್ಥಿಮಿತದಲ್ಲಿರುತ್ತದೆ. ಅವನನ್ನು ನೆರಳಿನಲ್ಲಿ ಮಲಗಿಸಿ, ಕಾಲು ಎತ್ತರಕ್ಕಿಟ್ಟು, ಮೈಗೆ ನೀರು ಹಚ್ಚಿ, ಗುಟುಕು ಗುಟುಕಾಗಿ ಮಜ್ಜಿಗೆಯೋ ನೀರೋ ಕೊಟ್ಟರೆ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತಾನೆ.

ಇನ್ನೊಂದು ನಾವು ಬಿಸಿಲು ಬಡಿಯಿತು ಎನ್ನುವುದು, ಡಾಕ್ಟರರು ಹೀಟ್ ಸ್ಟ್ರೋಕ್ ಎನ್ನುವುದು. ಒಳಮೈಯ ಬಿಸಿ 40 ಡಿಗ್ರಿ ದಾಟಿ ಮಿದುಳು ತಪ್ಪತೊಡಗುತ್ತದೆ. ಮಾತು ತೊದಲುವುದು, ಸುಮ್ಮನೆ ಸಿಟ್ಟಾಗುವುದು, ದಿಕ್ಕು ತಪ್ಪಿ ಓಡುವುದು, ಸುಡುಬಿಸಿಲಲ್ಲಿ ಚಳಿಯೆಂದು ನಡುಗುವುದು, ಪ್ರಜ್ಞೆ ಹೋಗುವುದು ಇದರ ಗುರುತು. ಚರ್ಮ ಒಣಗಿರಬೇಕು ಎಂಬ ನಂಬಿಕೆಯನ್ನು ಬಿಡಿ. ಓಡುವವರಿಗೆ ಹೀಟ್ ಸ್ಟ್ರೋಕ್ ಆದಾಗ ಮೈ ಬೆವರಿನಿಂದ ತೊಯ್ದಿರುವುದೇ ಹೆಚ್ಚು. ಕಂಕುಳಲ್ಲಿಟ್ಟ ಥರ್ಮಾಮೀಟರನ್ನೂ ನಂಬಬೇಡಿ, ಒಳಗಿನ ಬಿಸಿಯನ್ನು ಅದು ಕಡಿಮೆ ತೋರಿಸುತ್ತದೆ. ನಾನು ಮೂರು ಪ್ರಶ್ನೆ ಕೇಳುತ್ತೇನೆ: ನಿನ್ನ ಹೆಸರೇನಪ್ಪಾ, ಇವತ್ತು ಯಾವ ವಾರ, ಎಷ್ಟು ಸುತ್ತು ಓಡಿದಿ? ಒಂದಕ್ಕೆ ಉತ್ತರ ತಪ್ಪಿದರೂ ಹೀಟ್ ಸ್ಟ್ರೋಕ್ ಎಂದೇ ತಿಳಿದು ಕೆಲಸ ಶುರುಮಾಡುತ್ತೇನೆ. ಉಸಿರಾಟವೇ ಇಲ್ಲದಿದ್ದರೆ ಹೃದಯ ನಿಂತಿದೆಯೆಂದೇ ತಿಳಿಯಬೇಕು. ಆಗ 108ಕ್ಕೆ ಕರೆ ಮಾಡಿಸಿ, ತಕ್ಷಣ ಎದೆ ಒತ್ತತೊಡಗಬೇಕು.

ಹೀಟ್ ಸ್ಟ್ರೋಕ್ ಆದಾಗ ಒಬ್ಬ 108ಕ್ಕೆ ಕರೆ ಮಾಡಲಿ, ಉಳಿದವರು ಆ ಗಾಡಿಯ ದಾರಿ ಕಾಯದೆ ಅವನನ್ನು ನೀರಿಗೆ ಇಳಿಸಬೇಕು. ದನದ ತೊಟ್ಟಿ, ದೊಡ್ಡ ಟಬ್ಬು, ಏನಿದ್ದರೂ ಸರಿ. ಎದೆಯವರೆಗೂ ಮುಳುಗಿಸಿ, ಒಬ್ಬ ತಲೆಯ ಹಿಂದೆ ನಿಂತು ಕಂಕುಳಲ್ಲಿ ಕೈಕೊಟ್ಟು ಹಿಡಿದಿರಬೇಕು. ಇದ್ದಷ್ಟು ಐಸ್ ಹಾಕಿ, ನೀರು ಕದಡುತ್ತಿರಬೇಕು. ಐಸ್ ಹಾಕಿದ ನೀರಿನಲ್ಲಿ ಸುಮಾರು ಐದು ನಿಮಿಷಕ್ಕೆ ಒಂದು ಡಿಗ್ರಿಯಂತೆ ಮೈ ತಣಿಯುತ್ತದೆ. ತೊಟ್ಟಿ ಇಲ್ಲವೇ? ರಾಶಿ ಮಾಡಲು ಪ್ರತಿ ರೈತನ ಮನೆಯಲ್ಲೂ ತಾಡಪತ್ರಿ ಇರುತ್ತದೆ. ಹುಡುಗನನ್ನು ಅದರ ನಡುವೆ ಮಲಗಿಸಿ, ಎಂಟು ಜನ ಸುತ್ತಲಿನ ಅಂಚು ಎತ್ತಿ ಹಿಡಿದು, ಒಳಗೆ ಐಸು, ನೀರು ಸುರಿದು ಅಲುಗಾಡಿಸಿ. ಅದೂ ಆಗದಿದ್ದರೆ ಕೊಡಗಟ್ಟಲೆ ನೀರನ್ನು ಮೈತುಂಬ ಸುರಿಯುತ್ತಲೇ ಇದ್ದು ಗಾಳಿ ಹಾಕಿ. ಬಾಯಿಗೆ ಏನೂ ಹಾಕಬೇಡಿ. ಜ್ವರದ ಮಾತ್ರೆ ಕೊಡಬೇಡಿ, ಇದು ಜ್ವರವಲ್ಲ. ಅವನು ಸ್ಪಷ್ಟವಾಗಿ ಮಾತಾಡತೊಡಗಿದ ಮೇಲೆ, ಇಲ್ಲವೇ ಇಪ್ಪತ್ತು ನಿಮಿಷವಾದ ಮೇಲೆ ಗಾಡಿ ಹತ್ತಿಸಿ. ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫಾಲ್ಮತ್ ಎಂಬಲ್ಲಿ ಪ್ರತಿ ಆಗಸ್ಟ್‌ನಲ್ಲಿ ಏಳು ಮೈಲಿಯ ಓಟ ನಡೆಯುತ್ತದೆ. ಅಲ್ಲಿಯ ವೈದ್ಯರು ಓಟ ಮುಗಿಯುವ ಜಾಗದಲ್ಲೇ ಐಸ್ ನೀರಿನ ಟಬ್ಬುಗಳನ್ನು ಇಟ್ಟುಕೊಂಡಿರುತ್ತಾರೆ. 18 ವರ್ಷಗಳ ದಾಖಲೆಯಲ್ಲಿ 274 ಮಂದಿಗೆ ಅಲ್ಲಿ ಹೀಟ್ ಸ್ಟ್ರೋಕ್ ಆಗಿದೆ. ಒಬ್ಬರೂ ಸತ್ತಿಲ್ಲ. ಅವರನ್ನು ಉಳಿಸಿದ್ದು ಟಬ್ಬು, ಐಸು ಮತ್ತು ತಡಮಾಡದ ಕೈಗಳು.

ಇನ್ನೊಂದು ಕಡೆ ನಮ್ಮದೇ ದೇಶದ ಲೆಕ್ಕವಿದೆ. 2024ರ ಆಗಸ್ಟ್‌ನಲ್ಲಿ ಜಾರ್ಖಂಡ್‌ನ ಅಬಕಾರಿ ಕಾನ್‌ಸ್ಟೆಬಲ್ ಭರ್ತಿಗೆ ಗಂಡುಮಕ್ಕಳು ಒಂದು ತಾಸಿನಲ್ಲಿ 10 ಕಿಲೋಮೀಟರ್ ಓಡಬೇಕಿತ್ತು. ಆ ಭರ್ತಿಯಲ್ಲಿ ಹತ್ತಕ್ಕೂ ಹೆಚ್ಚು ಅಭ್ಯರ್ಥಿಗಳು ತೀರಿಕೊಂಡರು. ಎಲ್ಲ ಸಾವಿಗೂ ಕಾರಣ ಒಂದೇ ಎಂದು ನಾನು ಹೇಳುವುದಿಲ್ಲ. ಆದರೆ ಆಮೇಲೆ ಅಲ್ಲಿಯ ಸರ್ಕಾರ ಓಟವನ್ನು ಕೆಲವು ದಿನ ನಿಲ್ಲಿಸಿ, ಬೆಳಿಗ್ಗೆ ಒಂಬತ್ತರ ನಂತರ ಓಡಿಸಬಾರದೆಂದು ಹೇಳಿತು. ಆ ಮಾತು ಮೊದಲ ದಿನವೇ ಬರಬೇಕಿತ್ತು. ನೌಕರಿ ಕೇಳಲು ಬಂದ ಮಕ್ಕಳು ಹೆಣವಾಗಿ ಊರಿಗೆ ಹೋಗುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಭರ್ತಿ ನಡೆಸುವ ಅಧಿಕಾರಿಗಳಲ್ಲಿ, ಅಕಾಡೆಮಿ ನಡೆಸುವವರಲ್ಲಿ, ನನ್ನಂತೆ ಸೀಟಿ ಹಿಡಿದು ನಿಲ್ಲುವ ಮಾಸ್ತರರಲ್ಲಿ ಕೈಮುಗಿದು ಕೇಳುತ್ತೇನೆ. ಬೇಸಿಗೆಯಲ್ಲಿ ಮೊದಲ ಸೀಟಿ ಊದುವ ಮುನ್ನ ನಾಲ್ಕು ವಸ್ತು ಮೈದಾನದಲ್ಲಿವೆಯೇ ನೋಡಿಕೊಳ್ಳಿ: ಎರಡು ಡ್ರಮ್ ನೀರು, ಒಂದು ತಾಡಪತ್ರಿ, ಒಂದು ಗಡ್ಡೆ ಐಸು, ಚಾರ್ಜ್ ಇರುವ ಒಂದು ಫೋನು. ಎಲ್ಲ ಸೇರಿ ದಿನಕ್ಕೆ ನೂರಿನ್ನೂರು ರೂಪಾಯಿಯ ಮಾತು. ಓಡುವ ಮಕ್ಕಳೇ, ಪಕ್ಕದವನ ಮಾತು ತೊದಲಿದರೆ ಅವನು ಬೇಡವೆಂದರೂ ಹಿಡಿದು ನಿಲ್ಲಿಸಿ. ಭರ್ತಿ ಮುಂದಿನ ವರ್ಷವೂ ಬರುತ್ತದೆ. ನಮ್ಮ ಮೈದಾನದ ತೊಟ್ಟಿಯನ್ನು ಮೇ ತಿಂಗಳಲ್ಲಿ ಪ್ರತಿ ರಾತ್ರಿ ನಾನೇ ಹೋಗಿ ತುಂಬಿಸಿ ಬರುತ್ತೇನೆ. ನಿಮ್ಮೂರಿನ ಮೈದಾನದಲ್ಲೂ ಯಾರಾದರೊಬ್ಬರು ಆ ಕೆಲಸ ವಹಿಸಿಕೊಳ್ಳಿ.